ಸರಿದು ನಿಂತವಳು

ಇವತ್ತು ಬೆಳಿಗ್ಗೆ ನನ್ನ ಫೋನು ‘ಜಾಗ ಇಲ್ಲ’ ಎಂದು ಕೈಚೆಲ್ಲಿತು. ಬೇಡದ ಫೋಟೋ ಅಳಿಸೋಣವೆಂದು ಕನ್ನಡಕ ಏರಿಸಿ ಕೂತೆ. ಫೋನಿನ ತುಂಬ ಒಂದೇ ಮರ! ನೀವು ನೋಡಿದ್ದರೆ, ಈ ಮುದುಕನಿಗೆ ಎಲ್ಲೋ ಸ್ವಲ್ಪ ಸಡಿಲವಾಗಿದೆ ಎಂದೇ ತಿಳಿಯುತ್ತಿದ್ದಿರಿ.

ಖಡಕಿಯ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಕಡತ ತಿರುವಿ ನಿವೃತ್ತನಾದ ಮೇಲೆ ನನಗೆ ಹತ್ತಿದ ಹುಚ್ಚು ಇದು. ನಿಗಡಿಯ ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಒಂದು ಟೇಕಡಿ. ಗುಡ್ಡಕ್ಕೆ ಇಲ್ಲಿಯ ಮರಾಠಿಯಲ್ಲಿ ಹಾಗೆನ್ನುತ್ತಾರೆ. ಅದರ ನೆತ್ತಿಯಲ್ಲಿ ಒಂದು ಮುತ್ತಲ ಮರ. ಪ್ರತಿ ಭಾನುವಾರ ಒಂದೇ ಜಾಗದಲ್ಲಿ ನಿಂತು ಅದರ ಫೋಟೋ ತೆಗೆಯುವುದು, ವರ್ಷವೆಲ್ಲ ಅದು ಬದಲಾಗುವುದನ್ನು ಹಿಡಿಯುವುದು ನನ್ನ ಸಂಕಲ್ಪ. ಕಚೇರಿಯಲ್ಲಿ ತೋರದ ಶಿಸ್ತನ್ನೆಲ್ಲ ಆ ಮರದ ಮೇಲೆ ತೋರಿಸಿದೆ.

ನನ್ನ ಹೆಂಡತಿಯ ಹೆಸರು ಇಂದೂ. ನೀರಿನ ಬಾಟಲಿ ಹಿಡಿದು ಅವಳೂ ಜೊತೆಗೆ ಬರುತ್ತಿದ್ದಳು. ಚಿಕ್ಕಂದಿನಲ್ಲಿ ವಿಜಾಪುರದ ಕಡೆ ಅಜ್ಜಿಯ ಜೊತೆ ಕೂತು ಮುತ್ತಲ ಎಲೆಯ ಪತ್ರಾವಳಿ ಹಚ್ಚಿದವಳು. “ಉಣ್ಣೂ ಎಲಿ ಫೋಟೋ ಏನ್ ತಗೀತೀರಿ? ದೃಷ್ಟಿ ಆಗ್ತದ ಗಿಡಕ್ಕ,” ಎನ್ನುತ್ತಿದ್ದಳು.

ಹೋದ ವಾರ ಎಲ್ಲಿ ನಿಂತಿದ್ದೆ ಎಂಬುದು ನನಗೆ ಪ್ರತಿ ವಾರವೂ ಮರೆಯುತ್ತಿತ್ತು. ಒಂದು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ, ಕಡೆಗೆ ಸಿಟ್ಟು. ಒಂದು ದಿನ ಅವಳು ಪರ್ಸಿನಿಂದ ಯಾರದೋ ಮನೆಯಲ್ಲಿ ಕೊಟ್ಟ ಕುಂಕುಮದ ಪೊಟ್ಟಣ ತೆಗೆದು, ನೀರಲ್ಲಿ ಕಲಸಿ, ಅಲ್ಲಿದ್ದ ಕಲ್ಲಿಗೆ ದೊಡ್ಡ ಬೊಟ್ಟಿಟ್ಟಳು. “ಇದರ ಹಿಂದ ನಿಲ್ರಿ. ಭಾಳ ಹುಡುಕಬ್ಯಾಡ್ರಿ.” ಮಳೆಗೆ ತೊಳೆದು ಹೋದಾಗಲೆಲ್ಲ ಮತ್ತೆ ಇಡುತ್ತಿದ್ದಳು.

ಕುಂಕುಮ ಕಂಡ ಕಲ್ಲು ನಮ್ಮ ದೇಶದಲ್ಲಿ ಎಷ್ಟು ದಿನ ಬರೀ ಕಲ್ಲಾಗಿದ್ದೀತು? ಮೊದಲು ಒಂದು ಚೆಂಡುಹೂ ಬಂತು. ಆಮೇಲೆ ತೆಂಗಿನಕಾಯಿ. ಒಂದು ಭಾನುವಾರ ವಾಯುವಿಹಾರದ ಹಿರಿಯರೊಬ್ಬರು ನನ್ನ ಕಾಲು ನೋಡಿ, “ಕಾಕಾ, ಚಪ್ಪಲ್ ಕಾಢಾ. ದೇವ ಆಹೇ,” ಎಂದು ಗದರಿದರು. ತೆಪ್ಪಗೆ ಚಪ್ಪಲಿ ಕಳಚಿದೆ. ಅವರು ಮರೆಯಾಗುವವರೆಗೂ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದ ಇಂದೂ, ಆಮೇಲೆ ನಕ್ಕು ನಕ್ಕು ಅಲ್ಲೇ ಕೂತುಬಿಟ್ಟಳು. “ಯಾರಿಗೂ ಹೇಳಬ್ಯಾಡ್ರಿ ಮತ್ತ,” ಎಂದಳು. ಅಂದಿನಿಂದ ನನ್ನ ಛಾಯಾಗ್ರಹಣ ಬರಿಗಾಲಲ್ಲೇ ನಡೆಯಿತು.

ನಾನು ಅವಳಿಗೆ ವಾರ ವಾರವೂ ಹೇಳುತ್ತಿದ್ದ ಮಾತು ಒಂದೇ: “ಸರದ ನಿಲ್ಲು, ಫೋಟೋದಾಗ ಬರ್ತೀ.” ಮರದ ಜೊತೆ ಮನುಷ್ಯರು ಬಂದರೆ ಕೆಟ್ಟಿತು ಎಂಬುದು ನನ್ನ ಶಾಸ್ತ್ರ. ಅವಳು ಎಡಕ್ಕೆ ಸರಿದು ಒಂದು ಬಂಡೆಯ ಪಕ್ಕ ನಿಲ್ಲುತ್ತಿದ್ದಳು. ಸೆರಗಿನ ತುದಿ ಬಂದರೂ, ನೆರಳು ಬಿದ್ದರೂ ಆ ಫೋಟೋ ಅಲ್ಲೇ ಅಳಿಸುತ್ತಿದ್ದೆ. ಎಂಥ ಮೂರ್ಖ ನಾನು.

ಹೋದ ಆಷಾಢದಲ್ಲಿ ನಾಲ್ಕೇ ದಿನದ ಜ್ವರಕ್ಕೆ ಇಂದೂ ಹೋದಳು. ಗೋಡೆಗೆ ಹಾಕಲು ಫೋಟೋ ಬೇಕಲ್ಲ, ಫೋನು ತೆರೆದೆ. ಮಾಘದ ಬೋಳು ಮರ, ಫಾಲ್ಗುಣದಲ್ಲಿ ಒಂದೂ ಎಲೆಯಿಲ್ಲದೆ ಕೆಂಪಗೆ ಹೂಬಿಟ್ಟ ಮರ, ಶ್ರಾವಣದ ಹಸಿರು ಮರ. ಏಳು ವರ್ಷದ ಎಲ್ಲ ಋತುಗಳೂ ಇದ್ದವು, ಅವಳಿರಲಿಲ್ಲ. ಕಡೆಗೆ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿದೆ. ಅದರಲ್ಲಿ ಅವಳು ಯಾರೋ ಬೈದ ಹಾಗೆ ಕಾಣುತ್ತಾಳೆ.

ಅಂದಿನಿಂದ ಟೇಕಡಿಗೆ ಹೋಗಿರಲಿಲ್ಲ. ಮೊನ್ನೆ ಭಾನುವಾರ ಹೇಗೋ ಮನಸ್ಸು ಗಟ್ಟಿ ಮಾಡಿ ಹತ್ತಿದೆ. ಮುತ್ತಲ ಹೂಬಿಟ್ಟಿತ್ತು. ಕಲ್ಲಿನ ಸುತ್ತ ಯಾರೋ ಟೈಲ್ಸ್ ಹಾಕಿ, ಕಬ್ಬಿಣದ ಕಟಕಟೆ ಕಟ್ಟಿದ್ದರು. ನನ್ನ ಜಾಗ ಕಟಕಟೆಯ ಒಳಗೆ ಸೇರಿಹೋಗಿತ್ತು. ಇಂದೂ ಇಟ್ಟ ಬೊಟ್ಟಿನ ಮೇಲೆ ಬೇರೆ ಯಾರದೋ ಕುಂಕುಮ. ಕೈಮುಗಿದೆ. ದೇವರಿಗಲ್ಲ.

ನಿಲ್ಲಲು ಬೇರೆ ಜಾಗವಿಲ್ಲದೆ ಎಡಕ್ಕೆ ಸರಿದು ಅವಳ ಬಂಡೆಯ ಪಕ್ಕ ಹೋಗಿ ನಿಂತೆ. ಏಳು ವರ್ಷದಲ್ಲಿ ಅಲ್ಲಿ ನಿಂತದ್ದು ಅದೇ ಮೊದಲು. ಅವಳೂ ಮರವನ್ನೇ ನೋಡುತ್ತಿದ್ದಾಳೆ ಎಂದುಕೊಂಡಿದ್ದೆ. ಅಲ್ಲಿಂದ ಮರ ಕಾಣುವುದೇ ಇಲ್ಲ, ಬಂಡೆ ಅಡ್ಡ ಬರುತ್ತದೆ. ಕಾಣುವುದು ಆ ಕಲ್ಲು ಮತ್ತು ಅದರ ಹಿಂದೆ ನಾನು ನಿಲ್ಲುತ್ತಿದ್ದ ಜಾಗ, ಅಷ್ಟೇ.

ಫೋನು ಇನ್ನೂ ‘ಜಾಗ ಇಲ್ಲ’ ಎನ್ನುತ್ತಲೇ ಇದೆ. ಒಂದೊಂದೇ ಫೋಟೋ ತೆರೆದು ನೋಡುತ್ತಿದ್ದೇನೆ. ಪ್ರತಿಯೊಂದರಲ್ಲೂ ಎಡ ಅಂಚಿನ ಆಚೆ, ಎರಡು ಮಾರು ದೂರದಲ್ಲಿ, ನೀರಿನ ಬಾಟಲಿ ಹಿಡಿದು ಅವಳು ನಿಂತಿದ್ದಾಳೆ. ಯಾವುದನ್ನು ಅಳಿಸಲಿ, ನೀವೇ ಹೇಳಿ.