ನಿಂಬೆಗಿಡದ ಬುಡಕ್ಕೆ ಸುರಿದ ಅಣಬೆ ನೀರು

ಜುಲೇಖಾಬಿ ಕೊಟ್ಟ ಅಣಬೆ ನೀರು ಕುಡಿದು ನನ್ನ ಜೇನುಹುಳ ಸತ್ತವು ಎಂದು ನಾನು ಹೇಳಿದ್ದು ಸುಳ್ಳು. ಅದರ ಒಂದು ಹನಿಯನ್ನೂ ನಾನು ಅವಕ್ಕೆ ಕೊಟ್ಟಿರಲಿಲ್ಲ.

ಹಾನಗಲ್ಲ ಹತ್ತಿರ ನಮ್ಮಿಬ್ಬರ ಹೊಲಕ್ಕೂ ಬದು ಒಂದೇ. ಆಕೆ ಸವಣೂರಿನಿಂದ ಮದುವೆಯಾಗಿ ಬಂದವಳು, ಪೆಟ್ಟಿಗೆಯಲ್ಲಿ ಜೇನು ಸಾಕುವುದನ್ನು ನನ್ನಿಂದಲೇ ಕಲಿತವಳು. ತನ್ನ ಹುಳಗಳು ಕೊಳೆತ ಮಾವಿನ ಕೊರಡಿಗೆ ಹೋಗಿ, ಅಣಬೆ ಎದ್ದಲ್ಲಿ ಕುಂತು ತೇವ ಹೀರುವುದನ್ನು ಕಂಡಿದ್ದಳು. ಆ ಅಣಬೆಯನ್ನೇ ಕುದಿಸಿ, ಸೋಸಿ, ಸಕ್ಕರೆ ಪಾಕದಲ್ಲಿ ಬೆರೆಸಿ ಔಷಧಿಯೆಂದು ಅವಕ್ಕೆ ಇಡುತ್ತಿದ್ದಳು. ನನ್ನ ಪೆಟ್ಟಿಗೆಗಳಿಗೆ ಮರಿ ಕೊಳೆಯುವ ರೋಗ ಬಿದ್ದಾಗ ಒಂದು ಬಾಟಲಿ ನನಗೂ ತಂದುಕೊಟ್ಟಳು. ಸಣ್ಣವನಿದ್ದಾಗಲೇ ಸಾಲಿ ಬಿಟ್ಟು ಇದೇ ಕೆಲಸದಲ್ಲಿ ಬೆಳೆದವನು ನಾನು — ನಾನು ಕಲಿಸಿದವಳಿಂದ ನಾನು ಔಷಧಿ ಇಸಿದುಕೊಳ್ಳುವುದೇ? ಆಕೆ ಬದು ದಾಟಿದ್ದೇ ತಡ, ನಿಂಬೆಗಿಡದ ಬುಡಕ್ಕೆ ಸುರಿದೆ.

ಮರಿ ಸತ್ತವು. ಉಳಿದ ಹುಳ ಹಾರಿಹೋದವು. ಅಕ್ಕಿಆಲೂರು ಸಂತೆಯ ದಿನ ಚಹಾದಂಗಡಿಯಲ್ಲಿ ಒಬ್ಬ ಕೇಳಿದ:

"ಯಾಕೋ ಬಸಣ್ಣ, ಪೆಟಗಿ ಎಲ್ಲಾ ಖಾಲಿ ಅಂತ? ಇಷ್ಟ ಏನ ನಿನ್ನ ಕೈಗುಣ?"

ಎಲ್ಲರೂ ನಕ್ಕರು. ಆಗ ನನ್ನ ಬಾಯಿಂದ ಬಂದದ್ದೇ ಆ ಸುಳ್ಳು.

ಆಕೆಯಿಂದ ಬಾಟಲಿ ಒಯ್ದವರೆಲ್ಲ ತಿರುಗಿ ಕೊಟ್ಟರು. ಆಕೆ ನನ್ನ ಕೂಡ ಜಗಳಕ್ಕೆ ಬರಲಿಲ್ಲ — ತನ್ನ ತಪ್ಪು ಹುಡುಕುತ್ತ ಬಂದಳು.

"ಪೂರಾ ಆರಿದ ಮ್ಯಾಲ ಇಟ್ಟಿದ್ರಿಲ್ಲ, ಬಸಣ್ಣಾರ? ಹುಳಿ ವಾಸನಿ ಏನರ ಇತ್ತೇನ್ರಿ?"

"ನೀವು ಹೇಳಿದಂಗ ಮಾಡೇನ್ರಿ," ಅಂದೆ.

ತಲೆಯಾಡಿಸಿ ಹೋದಳು. ಅಂದಿನಿಂದ ತನ್ನ ಹುಳಗಳಿಗೂ ಆ ನೀರು ಇಡಲಿಲ್ಲ. ವರ್ಷಗಳೇ ಕಳೆದವು, ಆ ತಲೆಯಾಡಿಸಿದ್ದು ಮಾತ್ರ ನನ್ನ ಕಣ್ಣಿಂದ ಹೋಗಲಿಲ್ಲ.

ಈ ಮಳೆಗಾಲ ಆಕೆಯ ಪೆಟ್ಟಿಗೆಗಳಿಗೂ ಅದೇ ರೋಗ ಬಂತು. ನಾನು ಬದು ದಾಟಿ ಹೋದಾಗ ಜೇನುತಟ್ಟಿ ಎತ್ತಿ ಹಿಡಿದು ನಿಂತಿದ್ದಳು.

"ಆ ನೀರು ಇಡೂಣು ಅನಸ್ತೈತ್ರಿ. ನಿಮ್ಮ ಹುಳ ನೆನಸಿದ್ರ ಕೈ ಬರವಲ್ದು."

ಇನ್ನೂ ಸುಮ್ಮನಿದ್ದರೆ ನನ್ನ ಸುಳ್ಳಿಗೆ ಆಕೆಯ ಹುಳವೂ ಹೋದಾವು — ಹೇಳಿಬಿಟ್ಟೆ. ಬಾಟಲಿ ಎಲ್ಲಿ ಸುರಿದೆ ಎನ್ನುವುದನ್ನೂ.

ಆಕೆ ತಟ್ಟಿಯನ್ನು ಮೆಲ್ಲಗೆ ಪೆಟ್ಟಿಗೆಗೆ ಇಳಿಸಿದಳು.

"ನಿಂಬಿಗಿಡರ ಉಳದೈತೇನ್ರಿ?"

"ಐತ್ರಿ."

"ಅದು ಕುಡದೂ ಉಳದೈತಿ ಅಂತರ ಸಂತ್ಯಾಗ ಹೇಳಬೇಕಿತ್ತು." ನಗಲಿಲ್ಲ. "ಎಲ್ಲಿ ಅಂದಿದ್ರೋ ಅಲ್ಲೇ ಹೋಗಿ ಖರೇ ಹೇಳ್ರಿ."

ಹೋದೆ. ಚಹಾದಂಗಡಿಯಲ್ಲಿ ನಿಂತು ಹೇಳಿದೆ.

"ಹಂಗಾರ ನಿನ್ನ ಹುಳ ಯಾಕ ಸತ್ತವು?" ಒಬ್ಬ ಕೇಳಿದ.

"ರೋಗ ಬಂತು. ನನಗ ಉಳಸಾಕ ಆಗಲಿಲ್ಲ."

ಇಷ್ಟೇ ಮಾತು! ಒಂದಿಬ್ಬರು ಉಗುಳಿದಂತೆ ಮಾತಾಡಿದರು, ಆಡಲಿ. ವಾಪಸ್ ಬರುವಾಗ ಬಸ್ಸಿನಲ್ಲಿ ಎಂಥ ನಿದ್ದೆ ಹತ್ತಿತೆಂದರೆ, ನಾನು ಇಳಿಯಬೇಕಾದ ಜಾಗವೇ ದಾಟಿಹೋಗಿತ್ತು. ಮಳೆಯಲ್ಲಿ ಹಿಂದಕ್ಕೆ ನಡೆದೆ — ಹಗುರಾಗಿ.

ಆ ನೀರು ಇಟ್ಟಿದ್ದರೆ ನನ್ನ ಹುಳ ಉಳಿಯುತ್ತಿದ್ದವೋ ಇಲ್ಲವೋ — ತಿಳಿಯುವ ದಾರಿಯನ್ನೇ ನಾನು ಚೆಲ್ಲಿದೆ. ಆಕೆಗಿದ್ದ ಧೈರ್ಯವನ್ನೂ. ಈಗ ಕೊರಡಿನಿಂದ ಅಣಬೆ ಬಿಡಿಸಿ ತರುವುದು ನನ್ನ ಕೆಲಸ. ಕುದಿಸಿ ಆರಿಸಿ ಆಕೆ ಇಡುತ್ತಾಳೆ, ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ. ಹುಳ ಉಳಿಯಲಿ, ಹೋಗಲಿ — ಕೇಳಿದವರಿಗೆ ಆದದ್ದನ್ನೇ ಹೇಳುತ್ತೇನೆ.