ನೆತ್ತಿ ಮುಟ್ಟದ ಹೊಂಬಾಳಮ್ಮ

ಆತಗೂರಿನ ಸುತ್ತಮುತ್ತ ಎಲ್ಲಿ ಮಗು ಹುಟ್ಟಿದರೂ ನೀರೆರೆಯುವುದಕ್ಕೆ ನಮ್ಮ ದೊಡ್ಡಮ್ಮನಿಗೇ ಕರೆ ಬರುತ್ತಿತ್ತು. ಹೊಂಬಾಳಮ್ಮ ಅಂತ ಹೆಸರು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಹರಳೆಣ್ಣೆ ತಿಕ್ಕಿದರೆ ಎಂಥ ರಚ್ಚೆ ಹಿಡಿದ ಕೂಸೂ ಕಣ್ಣು ತೇಲಿಸುತ್ತಿತ್ತು. ಆದರೆ ಅವಳ ಕೈ ಕತ್ತಿನವರೆಗೆ ಬಂದು ನಿಂತುಬಿಡುತ್ತಿತ್ತು. "ತಲೆಗೆ ನೀನೇ ಒತ್ತವ್ವ" ಅಂತ ಬಾಣಂತಿಯ ತಾಯಿಗೆ ಎಣ್ಣೆ ಬಟ್ಟಲು ದಾಟಿಸಿ, ತಾನು ಆಚೆ ಎಲ್ಲೋ ನೋಡುತ್ತಾ ಕೂರುತ್ತಿದ್ದಳು. ನಮ್ಮ ಕಡೆ ಕೂಸಿನ ನೆತ್ತಿಗೆ ದಿನಾ ಎಣ್ಣೆ ಒತ್ತಿ, ಅಂಗೈಯಲ್ಲಿ ಸುತ್ತಲೂ ಅದುಮಿ ತಲೆಯನ್ನು ದುಂಡಗೆ ಮಾಡುತ್ತಾರೆ. ಎರೆಯುವವಳ ಹೆಚ್ಚುಗಾರಿಕೆಯೇ ಅದು. ಅದನ್ನೇ ಮಾಡದವಳನ್ನು ಊರು ಬಿಟ್ಟೀತೇ? "ಅರ್ಧ ಸ್ನಾನದ ಹೊಂಬಾಳಿ" ಅಂತ ಹಿಂದಿನಿಂದ ಆಡಿಕೊಂಡು, ಮುಂದಿನಿಂದ ಅವಳನ್ನೇ ಕರೆಯುತ್ತಿದ್ದರು.

ಕಾರಣ ನನಗೆ ಗೊತ್ತಿತ್ತು. ತಾಯಿ ಹೋದ ಮೇಲೆ ನಾನು ಬೆಳೆದದ್ದು ದೊಡ್ಡಮ್ಮನ ಮನೆಯಲ್ಲೇ. ಅವಳಿಗೆ ಹುಟ್ಟಿದ್ದು ಒಂದೇ ಗಂಡುಮಗು. ಹೆಸರಿಡುವುದಕ್ಕೂ ಮುಂಚೆ ಹೋಯಿತು. ಹೆಣ ಮನೆಯಲ್ಲಿರುವಾಗಲೇ ಅವಳ ಅತ್ತೆ ಚಿಕ್ಕನಂಜಮ್ಮ, "ನೆತ್ತಿ ಅದುಮಿ ಕೊಂದ್ಬುಟ್ಲು" ಅಂದುಬಿಟ್ಟಳು. ಮುದುಕಿಗೆ ಈಗ ಕಣ್ಣು ಹೋಗಿತ್ತು, ಬಾಯಿ ಹೋಗಿರಲಿಲ್ಲ. ಸಿಟ್ಟು ಬಂದಾಗೆಲ್ಲ ಜಗಲಿಯ ಮೇಲೆ ಕೂತು ಅದೇ ಮಾತು ಎತ್ತುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ದೊಡ್ಡಮ್ಮ ಮಾತ್ರ ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

ಎರೆದಾದ ಮೇಲೆ ಸಾಂಬ್ರಾಣಿ ಹೊಗೆಯಲ್ಲಿ ಮಲಗಿದ ಕೂಸಿನ ಪಕ್ಕ ಅವಳು ಎಷ್ಟೋ ಹೊತ್ತು ಕೂತಿರುತ್ತಿದ್ದಳು. ಎಳೆಯ ನೆತ್ತಿ ಮೆಲ್ಲಗೆ ಏಳುತ್ತಾ ಬೀಳುತ್ತಾ ಇರುತ್ತದಲ್ಲ, ಅದನ್ನೇ ನೋಡುತ್ತಾ ಅವಳ ಕಣ್ಣೂ ಮಂಪರಾಗುತ್ತಿತ್ತು. "ಅವು ಬಂದಿದ್ ಬಾಗ್ಲು ಇನ್ನೂ ಮುಚ್ಚಿಲ್ಲ ಕಣವ್ವ. ಅತ್ಲಾಗ್ಲೋರೆಲ್ಲ ಕಾಣ್ತಾ ಇರ್ತಾರೆ. ಅದ್ಕೇ ನಿದ್ದೇಲಿ ನಗ್ತವೆ" ಅನ್ನುತ್ತಿದ್ದಳು. ಅವಳಿಗೊಂದು ಕನಸು ಬೀಳುತ್ತಿತ್ತಂತೆ. ಮಗ ಎದೆಯುದ್ದ ಬೆಳೆದಿದ್ದಾನೆ, ನಾಲೆಯಲ್ಲಿ ಮುಳುಗೆದ್ದು ಬಂದು, ತಲೆ ಒರೆಸು ಅಂತ ಬಗ್ಗಿ ನಿಂತಿದ್ದಾನೆ. ಇವಳು ಸೆರಗು ಎತ್ತುತ್ತಾಳೆ, ಎಚ್ಚರವಾಗುತ್ತದೆ. ಹಗಲಲ್ಲೂ ಅವಳು ಆ ಕನಸಿನಿಂದ ಪೂರ್ತಿ ಎದ್ದು ಬಂದ ಹಾಗೆ ನನಗೆ ಕಾಣುತ್ತಿರಲಿಲ್ಲ.

ಯುದ್ಧದ ಕಾಲ, ಸೀಮೆಎಣ್ಣೆಗೂ ಪರದಾಡುತ್ತಿದ್ದ ವರ್ಷ. ನಾನು ಚೊಚ್ಚಲ ಬಸುರಿಯಾಗಿ ಅವಳ ಮನೆಗೇ ಬಂದಿದ್ದೆ. ಆಗ ಪಕ್ಕದ ಮನೆಯ ರಾಮಲಿಂಗಯ್ಯ, ಮೈಸೂರಿನಲ್ಲಿ ಡಾಕ್ಟರಿಕೆ ಓದುತ್ತಿದ್ದವನು, ರಜಕ್ಕೆ ಬರುವಾಗ ಓದಿಗೆ ಅಂತ ಒಂದು ತಲೆಬುರುಡೆ ತಂದ. ಅವನ ತಾಯಿ ಅದನ್ನು ಹೊಸಿಲು ದಾಟಿಸಲಿಲ್ಲ. ಕೊಟ್ಟಿಗೆಯಲ್ಲೇ ಅವನ ಓದು ನಡೆಯಿತು, ಊರೆಲ್ಲ ಅಲ್ಲಿಗೇ ನುಗ್ಗಿತು. ಬುರುಡೆಯ ಮೇಲೆ ಸೊಟ್ಟಸೊಟ್ಟ ಗೆರೆಗಳಿರುತ್ತವೆ. ಬ್ರಹ್ಮ ಬರೆದ ಹಣೆಬರಹ ಅದೇ ಅಂತ ನಮ್ಮವರ ನಂಬಿಕೆ. ಪಟೇಲರ ಕರಿಯಪ್ಪ ಬೆರಳಿಟ್ಟು ಓದಿಯೂ ಬಿಟ್ಟ: "ಇವ್ನಿಗೆ ಎರಡು ಮದ್ವೆ ಕಣ್ಲಾ!"

"ಅದು ಹೆಂಗಸಿನ ಬುರುಡೆ ಕಣಣ್ಣ" ಅಂದ ರಾಮಲಿಂಗಯ್ಯ.

"ಅಂಗಾರೆ ಇವಳ ಗಂಡಂಗೆ ಎರಡು" ಅಂದ ಕರಿಯಪ್ಪ. ಸೋಲುವ ಪೈಕಿಯೇ ಅಲ್ಲ.

ಮಧ್ಯಾಹ್ನ ಜನ ಕರಗಿದ ಮೇಲೆ ದೊಡ್ಡಮ್ಮ ಎದ್ದಳು. ಬಸುರಿ ಅಂಥದ್ದನ್ನು ನೋಡಬಾರದು ಅಂದಳು. ನಾನು ಕೇಳುವವಳೇ? ಹಿಂದೆಯೇ ಹೋದೆ. ಕೊಟ್ಟಿಗೆಯ ಸಂದಿಯಿಂದ ಬಿದ್ದ ಬಿಸಿಲಲ್ಲಿ ಹುಲ್ಲಿನ ಧೂಳು ತೇಲುತ್ತಿತ್ತು. ಬುರುಡೆ ಹುಲ್ಲಿನ ಮೇಲೆ ನಿದ್ದೆ ಮಾಡುವಂತೆ ಇತ್ತು.

"ಆಯಸ್ಸು ಬರ್ದಿರೋ ಗೆರೆ ಯಾವ್ದಪ್ಪ?" ಅಂದಳು ದೊಡ್ಡಮ್ಮ.

"ಬರ್ದಿರೋದಲ್ಲ ದೊಡ್ಡವ್ವ, ಮೂಳೆ ಕೂಡಿರೋದು." ಅವನು ಬುರುಡೆ ಎತ್ತಿ ತೋರಿಸಿದ. ಹಣೆಗೊಂದು ಮೂಳೆ, ನೆತ್ತಿಯ ಎಡಕ್ಕೂ ಬಲಕ್ಕೂ ಒಂದೊಂದು, ಹಿಂದಲೆಗೊಂದು. ಎರಡು ಬಾಚಣಿಗೆಯ ಹಲ್ಲು ಸಿಕ್ಕಿಕೊಂಡ ಹಾಗೆ ಅವುಗಳ ಅಂಚು ಒಂದರೊಳಗೊಂದು ಕೂತಿತ್ತು. "ಹುಟ್ಟುವಾಗ ಇವು ಬಿಡಿಬಿಡಿಯಾಗೇ ಇರ್ತವೆ. ಬೆಳೀತಾ ಬೆಳೀತಾ ಕೂಡ್ಕತವೆ."

ದೊಡ್ಡಮ್ಮನ ಮುಖ ಬಾಡಿಹೋಯಿತು. "ಬರ್ದೇ ಇಲ್ವಾ? ಅಂಗಾರೆ ನನ್ ಕೈಯೇ" ಅಂದಳು. ಬ್ರಹ್ಮನ ಮೇಲೆ ಹಾಕಬಹುದಾದ ಹೊರೆ ಮತ್ತೆ ಅವಳ ತಲೆಗೇ ಬಂದು ಕೂತಿತ್ತು. ನನಗೆ ತಡೆಯಲಾಗಲಿಲ್ಲ. ಇದ್ದದ್ದೆಲ್ಲ ರಾಮಲಿಂಗಯ್ಯನಿಗೆ ಹೇಳಿಬಿಟ್ಟೆ.

ಅವನು ನಗಲಿಲ್ಲ. ಅವಳ ಬೆರಳು ಹಿಡಿದು ಬುರುಡೆಯ ನೆತ್ತಿಯ ಮೇಲೆ, ಹಣೆಯ ಮೂಳೆ ಎಡಬಲದ ಎರಡು ಮೂಳೆಗಳನ್ನು ಸೇರುವ ಜಾಗದಲ್ಲಿಟ್ಟ. "ನೀವು ಒತ್ತಿದ್ದು ಇಲ್ಲಿ. ಎಳೇ ಮಗೂಗೆ ಇಲ್ಲಿ ಮೂಳೆ ಇರಲ್ಲ, ಆದ್ರೆ ಗಟ್ಟಿ ಪೊರೆ ಇರ್ತದೆ. ಹೆರುವಾಗ ಈ ಮೂಳೆಗಳು ಒಂದರ ಮೇಲೊಂದು ಜರುಗಿ, ತಲೇನೇ ಹಿಂಡ್ಕಂಡು ಬರ್ತದೆ ಮಗ. ಅಷ್ಟು ತಡ್ಕಂಡೋನು ತಾಯಿ ಎಣ್ಣೆ ಕೈಗೆ ಸಾಯ್ತಾನಾ? ಸಾಯೋ ಮುಂಚೆ ಏನಾಯ್ತು?"

"ಮೊಲೆ ಹಿಡೀಲಿಲ್ಲ. ಬಾಯಿ ಕಚ್ಕಂಡ. ಮೈ ಬಿಲ್ಲಿನಂಗೆ ಬಗ್ಗೋಯ್ತು."

"ಹೊಕ್ಕಳಬಳ್ಳಿ ಕೊಯ್ದಿದ್ದು ಏನ್ರಲ್ಲಿ?"

"ಕುಡ್ಲಲ್ಲಿ. ಹುಲ್ಲು ಕೊಯ್ಯೋ ಕುಡ್ಲು."

"ಧನುರ್ವಾಯು ದೊಡ್ಡವ್ವ. ಮಣ್ಣು, ಸಗಣಿ ಆಗಿದ್ದ ಕುಡ್ಲಿಂದ ಹೊಕ್ಕಳಿಗೆ ನಂಜು ಹತ್ತಿರೋದು. ಯಾರು ಕೊಯ್ದಿದ್ದು?"

ದೊಡ್ಡಮ್ಮ ಬುರುಡೆಯಿಂದ ಬೆರಳು ತೆಗೆದುಕೊಂಡಳು. ಕೊಯ್ದವಳು ಚಿಕ್ಕನಂಜಮ್ಮ, ಅದು ನನಗೂ ಗೊತ್ತಿತ್ತು.

ಮನೆಯ ಕಡೆ ಅವಳು ನಿದ್ದೆಯಲ್ಲಿ ನಡೆಯುವವಳ ಹಾಗೆ ನಡೆದಳು. ನಾನು ಕುದಿಯುತ್ತಿದ್ದೆ. "ಇವತ್ತೇ ಮುದುಕಿ ಮೊಕಕ್ಕೆ ಹೇಳ್ತೀನಿ" ಅಂದೆ. "ಬಾಯ್ಮುಚ್ಕಂಡಿರು" ಅಂದಳು, ಅಷ್ಟೇ. ಯಾರಿಗೂ ಹೇಳದಂತೆ ರಾಮಲಿಂಗಯ್ಯನಿಂದಲೂ ಮಾತು ತೆಗೆದುಕೊಂಡಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ಇಷ್ಟು ವರ್ಷ ತಿಂದ ಮಾತಿಗೆ ಒಂದು ದಿನವಾದರೂ ತಿರುಗಿ ಕೊಡಬೇಡವೇ!

ನನ್ನ ಹೆರಿಗೆಗೆ ಅವಳು ಹೊಸ ಚಾಕುವನ್ನು ಮಡಕೆ ನೀರಿನಲ್ಲಿ ಕುದಿಸಿಟ್ಟಳು. ಮಗಳು ಹುಟ್ಟಿದಳು. ಎರೆಯುವ ದಿನ ಕಾಲ ಮೇಲೆ ಮಲಗಿಸಿಕೊಂಡು ಬೆನ್ನು, ತೋಳು, ಕತ್ತಿನವರೆಗೂ ತಿಕ್ಕಿದಳು. ನಾನು ಬಟ್ಟಲಿಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. ಅಂಗೈಗೆ ಎಣ್ಣೆ ಸುರಿದುಕೊಂಡು ನನ್ನ ಮಗಳ ನೆತ್ತಿಯ ಮೇಲಿಟ್ಟಳು. ಮಗು ನಿದ್ದೆಗಣ್ಣಲ್ಲೇ ನಕ್ಕಿತು. ನಾನು ಗೊಳೋ ಅಂತ ಅತ್ತುಬಿಟ್ಟೆ.

ಬಚ್ಚಲ ಬಾಗಿಲಲ್ಲಿ ಕೂತಿದ್ದ ಚಿಕ್ಕನಂಜಮ್ಮನ ಕಿವಿಗೆ ಎಲ್ಲ ಬಿದ್ದಿತ್ತು. "ನೆತ್ತಿ ಮುಟ್ದೇನೇ?" ಅಂದಳು.

"ಊಂ ಅತ್ತೆ. ಆ ಡಾಕ್ಟರ್ ಹುಡ್ಗ ಹೇಳ್ದ. ನನ್ ಕೈಯಿಂದ ಆದದ್ದಲ್ವಂತೆ."

ಮುದುಕಿ ಬಹಳ ಸಣ್ಣ ದನಿಯಲ್ಲಿ, "ಮತ್ಯಾರ್ ಕೈಯಿಂದಂತೆ?" ಅಂತ ಕೇಳಿದಳು. ಆ ದನಿ ಕೇಳಿದೊಡನೆ ನನಗೆ ಗೊತ್ತಾಯಿತು: ಈ ಮುದುಕಿಗೂ ಎಂದಿನಿಂದಲೋ ತನ್ನ ಕೈಯ ಮೇಲೇ ಅನುಮಾನವಿತ್ತು.

"ಯಾರ್ ಕೈಯಿಂದಲೂ ಅಲ್ವಂತೆ ಅತ್ತೆ" ಅಂದಳು ದೊಡ್ಡಮ್ಮ.

ಚಿಕ್ಕನಂಜಮ್ಮ ಗೋಡೆ ತಡಕುತ್ತಾ ಒಳಗೆ ಬಂದಳು. ಒದ್ದೆ ಕಲ್ಲಿನ ಮೇಲೆ ಸೊಸೆಯ ಪಕ್ಕದಲ್ಲಿ ಕೂತು, ಮುಡಿ ಬಿಚ್ಚಿ ತಲೆ ಬಗ್ಗಿಸಿದಳು. "ನಂಗೂ ವಸಿ ಒತ್ತವ್ವ" ಅಂದಳು.