ಗಾಜಿನ ಮೇಲೆ ಹಸಿರು ಹಿಡಿಸುವಾಕೆ

ಶಿಕಾರಿಪುರದ ಕಾಲೇಜಿನ ಲ್ಯಾಬಿನಲ್ಲಿ ಇನ್ನೂ ನಸುಕು. ಐಸ್‌ಕ್ಯಾಂಡಿ ಅಂಗಡಿಯಿಂದ ತಂದ ಮಂಜುಗಡ್ಡೆಯ ನಡುವೆ ಬೀಕರು ಇಟ್ಟುಕೊಂಡು ನೀಲಾಂಬಿಕ ಬಗ್ಗಿ ನೋಡುತ್ತಿದ್ದಾರೆ. ಆಮ್ಲ ಬೆರೆಸಿದ ದ್ರಾವಣದಲ್ಲಿ ಮುಳುಗಿದ ಗಾಜಿನ ಪಟ್ಟಿಗೆ ಮೆಲ್ಲಗೆ ಹಸಿರು ಪೊರೆ ಕಟ್ಟುತ್ತಿದೆ. ಅದು ಕರೆಂಟು ಹರಿಯುವ ಪ್ಲಾಸ್ಟಿಕ್.

ನೀಲಾಂಬಿಕ ಇಲ್ಲಿ ಅರೆಕಾಲಿಕ ಉಪನ್ಯಾಸಕಿ. ಮಕ್ಕಳು ಶಾಲೆ ಸೇರಿದ ಮೇಲೆ, ತೊಂಬತ್ತೈದನೇ ಇಸವಿಯಲ್ಲಿ, ಪಿಎಚ್.ಡಿ. ಸಂಶೋಧನೆಗೆ ಕೈಹಾಕಿದರು. ವರ್ಷವಿಡೀ ಪೊರೆ ಗಾಜನ್ನು ಬಿಟ್ಟು ಸಿಪ್ಪೆಯಂತೆ ಕಳಚಿತು. "ಮನ್ಯಾಗೆ ಅನ್ನ ತಳ ಹಿಡೀಬಾರ್ದು ಅಂತೀಯ, ಅಲ್ಲಿ ಹಿಡೀಲಿ ಅಂತೀಯ" ಎಂದು ಗಂಡ ಚನ್ನೇಶ್ ಕಿಚಾಯಿಸುತ್ತಾರೆ. ನೀಲಾಂಬಿಕ ನಗುತ್ತಾರೆ, ಆದರೆ ಆ ಮಾತು ಒಳಗೆಲ್ಲೋ ಚುಚ್ಚುತ್ತದೆ. ಶಿವಮೊಗ್ಗದ ಮಾರ್ಗದರ್ಶಕರಂತೂ, ಇವತ್ತು ಕರೆಂಟು ಹರಿಯುವ ಪಟ್ಟಿ ತೋರಿಸದಿದ್ದರೆ ವಿಷಯ ಬದಲಿಸಬೇಕು ಎಂದುಬಿಟ್ಟಿದ್ದಾರೆ.

ಪಟ್ಟಿ ಹೊರತೆಗೆದರೆ ಈ ಸಲ ಪೊರೆ ಕಳಚಿಲ್ಲ; ಮೀಟರು ಹಿಡಿದರೆ ಮುಳ್ಳು ಆಡುತ್ತದೆ. ನೆಮ್ಮದಿಯಿಂದ ಕೈತೊಳೆದು ಬರುವಷ್ಟರಲ್ಲಿ ಹಸಿರಿನ ಮೇಲೆ ಅಡ್ಡಡ್ಡ ಮೂರು ಬಿಳಿ ಗೆರೆ! ಪಕ್ಕದಲ್ಲಿ ಕೈಮುಗಿದು ನಿಂತವರು ಅಟೆಂಡರ್ ವನಜಮ್ಮ.

"ಏನ್ ಮಾಡಿದ್ರೀ ಇದು?"

"ಈಬತ್ತಿ ಹಚ್ಚೀನ್ರೀ ಮೇಡಂ. ಹೊಸಾ ಗಾಡಿ ಹೊರಗ್ ತೆಗಿಯಾಗ ಹಚ್ಚಲ್ವಾ? ಒಳ್ಳೇದಾಗ್ಲಿ ಅಂತ."

ಒರೆಸಿದರೆ ವಿಭೂತಿಯ ಬೂದಿ ಹೋಗುತ್ತದೆ, ಅದರಡಿ ಹಸಿರು ನೀಲಿಯಾಗಿದೆ. ಬೂದಿಯ ಕ್ಷಾರ ಪೊರೆಯೊಳಗಿನ ಆಮ್ಲವನ್ನು ಕೊಂದಿದೆ. ಮತ್ತೆ ಮೀಟರು ಹಿಡಿದರೆ ಮುಳ್ಳು ಅಲ್ಲಾಡುವುದಿಲ್ಲ.

ವನಜಮ್ಮನ ಕಣ್ಣು ತುಂಬುತ್ತದೆ. ನೀಲಾಂಬಿಕ ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಳ್ಳುತ್ತಾರೆ. ಈ ಕೆಲಸಕ್ಕೆ ಒಳ್ಳೆಯದನ್ನು ಬಯಸಿದವರು ಇನ್ಯಾರಿದ್ದಾರೆ? "ಅಳಬ್ಯಾಡ್ರಿ. ಆಮ್ಲದಿಂದ ಬಂದ ಬಣ್ಣ, ಆಮ್ಲಕ್ಕೇ ತಿರುಗಿ ಬರ್ಬೇಕು" ಎನ್ನುತ್ತ ಪಟ್ಟಿಯನ್ನು ತೆಳು ಆಮ್ಲಕ್ಕೆ ಇಳಿಬಿಡುತ್ತಾರೆ. ಹೊರಗೆ ಶಿವಮೊಗ್ಗದ ಮೊದಲ ಬಸ್ಸು ಹಾರ್ನ್ ಹಾಕಿ ಹೋಗುತ್ತದೆ. ಅವರು ಕದಲುವುದಿಲ್ಲ. ಮೊದಲು ಗೆರೆಗಳ ಅಂಚು, ಆಮೇಲೆ ನಡು, ಇಡೀ ಪಟ್ಟಿ ಹಸಿರಿಗೆ ಮರಳುತ್ತದೆ.

"ಬಂತ್ರೀ ಮೇಡಂ!"

"ಬಂತು. ಇನ್ನ ಮುಟ್ಟಬ್ಯಾಡ್ರಿ ಮತ್ತೆ!" ಇಬ್ಬರೂ ನಗುತ್ತಾರೆ.

ಎರಡನೇ ಬಸ್ಸು ಹಿಡಿದು ಶಿವಮೊಗ್ಗ ತಲುಪಿದಾಗ ಮಾರ್ಗದರ್ಶಕರು ತಲೆಯೆತ್ತದೆ ಕೇಳುತ್ತಾರೆ: "ಬೇರೆ ವಿಷಯ ಕೇಳೋಕೆ ಬಂದ್ರೇನಮ್ಮ?"

ನೀಲಾಂಬಿಕ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಅವರದೇ ಮೀಟರನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಮುಳ್ಳು ಏಳುತ್ತದೆ.

"ಕೇಳಾಕಲ್ಲ ಸರ್, ತೋರ್ಸಾಕೆ ಬಂದೀನಿ."